ಮೂರು ರಾತ್ರಿಯ ಲೆಕ್ಕ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವ್ಯಕ್ತಿ ಪರ್ಸೀನ್ ಬೋಟಿನ, ಎಂದರೆ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ದೊಡ್ಡ ಬಲೆಯ ಬೋಟಿನ, ತಾಂಡೇಲನಾಗಿದ್ದವನು; ಬೋಟು ನಡೆಸುವ ಮುಖ್ಯಸ್ಥನೇ ತಾಂಡೇಲ. ವಯಸ್ಸು 34. ಊರು ಕಾರವಾರ ಮತ್ತು ಹೊನ್ನಾವರದ ನಡುವಿನ ಒಂದು ಬಂದರು, ಯಾವುದೆಂದು ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಅವನೂ ಅವನ ಹೆಂಡತಿಯೂ ಓದಿಸಿ ಕೇಳಿ ಒಪ್ಪಿದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ. ಐದರಿಂದ ಏಳನೆಯ ತರಗತಿಯವರೆಗೆ ಅವನಿಗೆ ಕನ್ನಡ ಕಲಿಸಿದವಳು ನಾನು, ಹಾಗಾಗಿ ಇವತ್ತಿಗೂ ಅವನ ಬಾಯಲ್ಲಿ ನಾನು ‘ಅಕ್ಕೋರು’. ನಿವೃತ್ತಿಯಾದ ಮೇಲೆ ನಮ್ಮ ಧರ್ಮಕೇಂದ್ರದಲ್ಲಿ (ಊರಿನ ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳು) ಮನೆಮನೆಯ ಕಷ್ಟಸುಖ ಕೇಳುವ ಸೇವೆಯಲ್ಲಿದ್ದೇನೆ. ಅವನು ಪಾಪನಿವೇದನೆಯಲ್ಲಿ ಏನು ಹೇಳಿದನೋ ಅದು ಗುರುಗಳಿಗೂ ದೇವರಿಗೂ ಸೇರಿದ್ದು. ಇಲ್ಲಿರುವುದು ನಮ್ಮ ಮನೆಯ ಜಗಲಿಯ ಮೇಲೆ ಕೂತು ಆಡಿದ ಮಾತು.

ಮನುಷ್ಯರ ಮೆಚ್ಚುಗೆಯೋ ದೇವರ ಮೆಚ್ಚುಗೆಯೋ ಎಂಬ ಪ್ರಶ್ನೆ ಎದ್ದರೆ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಸಿಂಹದ ಗುಹೆ, ರೋಮಿನ ಸೈನಿಕ, ಧರ್ಮಸಾಕ್ಷಿಗಳ ರಕ್ತ. ಅಲ್ಲಿ ವೈರಿ ಎದುರಿಗೇ ನಿಂತಿರುತ್ತಾನೆ. ಈ ಪ್ರಕರಣದಲ್ಲಿ ಎದುರಿಗಿದ್ದವರು ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡವರು, ಮದುವೆಯಲ್ಲಿ ಓಡಾಡಿ ಬಡಿಸಿದವರು, ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಅವರ ಸಾಲಿಗೆ ಕೊನೆಯಲ್ಲಿ ನಾನೂ ಸೇರಿಕೊಂಡೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಹಿನ್ನೆಲೆ

ನಮ್ಮ ಕಡೆಯ ಕ್ರೈಸ್ತ ಊರುಗಳನ್ನು ಕಾಣದವರಿಗಾಗಿ ಒಂದೆರಡು ಮಾತು. ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಕ್ಷೇತ್ರ, ಎಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ, ಆದದ್ದು 1976ರಲ್ಲಿ. ಧರ್ಮಕೇಂದ್ರಗಳು ಚಿಕ್ಕವು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಒಂದು ವಾಡೆಯಲ್ಲಿ ಮೂವತ್ತು ನಲವತ್ತು ಮನೆ. ಯಾರ ಒಲೆ ಎಷ್ಟು ಹೊತ್ತಿಗೆ ಉರಿಯಿತು, ಯಾರ ಮನೆಯಲ್ಲಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಆಗಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಇಂಥ ಕಡೆ ‘ಜನ ಏನಂತಾರೆ’ ಎಂದರೆ ಅದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಸಾಲ ಕೊಡುವವರು, ಹೆರಿಗೆಗೆ ರಿಕ್ಷಾ ತರುವವರು, ಸಮುದ್ರದಲ್ಲಿ ಎಂಜಿನ್ ಕೆಟ್ಟರೆ ಎಳೆದು ತರುವವರು ಅದೇ ಜನ. ಅವರ ಮೆಚ್ಚುಗೆ ಬೇಡ ಎನ್ನುವುದು ಪ್ರಬೋಧನೆಯಲ್ಲಿ ಹೇಳುವಷ್ಟು ಸುಲಭವಲ್ಲ.

ಅವನ ಅಜ್ಜ ರಂಪಣಿ ಎಳೆದವರು. ಊರಿಗೆ ಊರೇ ಹಗ್ಗ ಹಿಡಿದು ದಡಕ್ಕೆ ಎಳೆದು, ಬಂದ ಮೀನನ್ನು ಮರಳಿನ ಮೇಲೆಯೇ ಪಾಲು ಹಾಕುತ್ತಿದ್ದ ಬಲೆ ಅದು. 1970ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅಪ್ಪ ಪರ್ಸೀನ್ ಬೋಟಿನಲ್ಲಿ ಕಲಾಸಿ, ಎಂದರೆ ಕೆಲಸದಾಳು, ಆಗಿದ್ದರು. ಇವನು ಇಪ್ಪತ್ತೊಂಬತ್ತಕ್ಕೇ ತಾಂಡೇಲನಾದ. ನೀರಿನ ಬಣ್ಣ ನೋಡಿಯೇ ಮೀನು ತಾರ್ಲಿಯೋ ಬಂಗಡೆಯೋ ಎಂದು ಹೇಳುತ್ತಾನೆಂಬ ಹೆಸರಿತ್ತು. ಬೋಟಿನ ಯಜಮಾನರು ನಮ್ಮದೇ ಧರ್ಮಕೇಂದ್ರದವರು, ಪಾಲನಾ ಸಮಿತಿಯ ಸದಸ್ಯರು. ಇವನ ಜ್ಞಾನಸ್ನಾನದಲ್ಲಿ ಇವನಿಗಾಗಿ ವಿಶ್ವಾಸ ಪ್ರಮಾಣ ಹೇಳಿದವರೂ ಅವರೇ. ಅಪ್ಪನ ಆಸ್ಪತ್ರೆ ಖರ್ಚಿಗೂ ಮನೆಯ ಮಾಡಿಗೂ ಅವರಿಂದ ತೆಗೆದುಕೊಂಡಿದ್ದು 1,80,000 ರೂಪಾಯಿ. ಚೀಟಿ ಇಲ್ಲ, ಬಡ್ಡಿ ಇಲ್ಲ.

ಆ ವರ್ಷ ಮೀನು ಕಡಿಮೆ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟು ಇಳಿದಾಗ ಒಂದಿಷ್ಟು ಸಿಕ್ಕಿತು. ಹೊಸ ವರ್ಷ ಕಳೆದ ಮೇಲೆ ಡೀಸೆಲ್ ಖರ್ಚೂ ಹುಟ್ಟದ ದಿನಗಳು ಬಂದವು. ಬಂದರಿನ ಕೆಲವು ಬೋಟುಗಳು ಲೈಟ್ ಹಾಕಲು ಶುರುಮಾಡಿದವು. ಕತ್ತಲ ರಾತ್ರಿ ಜನರೇಟರ್ ಹಚ್ಚಿ ಎಲ್‌ಇಡಿ ದೀಪವನ್ನು ನೀರಿಗೆ ಹಿಡಿದರೆ ಬೆಳಕಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಮುತ್ತುತ್ತವೆ. ಅವನ್ನು ತಿನ್ನಲು ಮರಿಮೀನು, ಮರಿಮೀನಿನ ಹಿಂದೆ ಬಂಗಡೆ, ಬೊಂಡಾಸ. ಎಲ್ಲ ಒಂದೆಡೆ ಸೇರಿದಾಗ ಬಲೆ ಸುತ್ತಿದರೆ ಆಯಿತು. ದೊಡ್ಡದು ಸಣ್ಣದು ಎಂಬ ಭೇದವಿಲ್ಲ. ಬೆರಳುದ್ದದ ಮರಿಗಳೂ ಬರುತ್ತವೆ, ಅವು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ದೇಶದ ಆಳಸಮುದ್ರ ವಲಯದಲ್ಲಿ ಇದನ್ನು ನಿಷೇಧಿಸಿತು, ರಾಜ್ಯದ ವ್ಯಾಪ್ತಿಯ 12 ನಾಟಿಕಲ್ ಮೈಲಿಯೊಳಗೂ ನಿಷೇಧವಿದೆ. ಕಾನೂನು ಗೊತ್ತಿಲ್ಲದ ತಾಂಡೇಲ ನಮ್ಮ ಕರಾವಳಿಯಲ್ಲಿ ಒಬ್ಬನೂ ಇಲ್ಲ.

ನಡೆದದ್ದು

ಜನವರಿಯಲ್ಲಿ ಇವನ ಬೋಟಿಗೂ ಜನರೇಟರ್ ಬಂತು. ಇವನು ಮೂರು ರಾತ್ರಿ ಹೋದ. ತಾಂಡೇಲನ ಪಾಲು ಸೇರಿ ಒಟ್ಟು 22,500 ರೂಪಾಯಿ ಕೈಗೆ ಬಂತು. ಹೆಂಡತಿ ಕಿರಾಣಿ ಅಂಗಡಿಯ ಬಾಕಿ ತೀರಿಸಿದಳು. ಮಗನಿಗೆ ಶೂ ಬಂತು.

ಆ ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬರುವಾಗ ತಾಯಿಯ ತಮ್ಮ ಸಿಕ್ಕರು. ಸಣ್ಣ ನಾಡದೋಣಿ ಅವರದ್ದು, ದಡದ ಹತ್ತಿರವೇ ಬಲೆ ಬಿಡುವವರು. ಅವರು ದೂರಲಿಲ್ಲ, ಬೈಯಲಿಲ್ಲ. “ಹನ್ನೊಂದು ದಿನ ಆಯ್ತು ಪುತಾ (ಮಗನೇ), ಬಲೆ ಒಗೆದು ಒಣಗಿಸಿದ ಹಾಗೇ ವಾಪಸ್ ಬರ್ತಾ ಉಂಟು” ಎಂದು ನಕ್ಕರಂತೆ. ಆ ನಗು ತನ್ನನ್ನು ಬಿಡಲಿಲ್ಲ ಎಂದು ಇವನು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾನೆ. ಮಾವನ ಬಲೆಗೆ ಬರಬೇಕಾದ ಮೀನು ಹೊರಗೆ ಬೆಳಕಿಗೆ ನಿಂತಿದೆ, ಆ ಬೆಳಕು ಹಿಡಿದವನು ತಾನು, ಇದು ಮಾವನಿಗೂ ಗೊತ್ತು.

ಸಂಜೆ ಯಜಮಾನರ ಮನೆಗೆ ಹೋಗಿ, ಲೈಟ್ ಹಾಕುವುದಾದರೆ ತಾನು ಬರುವುದಿಲ್ಲ ಎಂದ. ಯಜಮಾನರು ಸಿಟ್ಟು ಮಾಡಲಿಲ್ಲ. “ನೀನು ಹೋಗದಿದ್ದರೆ ಇನ್ನೊಬ್ಬ ಹೋಗ್ತಾನೆ. ಇಪ್ಪತ್ತೆಂಟು ಮನೆ ಒಲೆ ಉರೀಬೇಕು. ನಾವೊಬ್ಬರೇ ನಿಲ್ಲಿಸಿದರೆ ಮೀನು ಪಕ್ಕದ ಬೋಟಿಗೆ ಹೋಗ್ತದೆ, ಅಷ್ಟೆ” ಎಂದರು. ಈ ಮಾತಿಗೆ ಇವನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಪೂರ್ತಿ ಉತ್ತರವಿಲ್ಲ. ಇಪ್ಪತ್ತೆಂಟು ಮನೆಯ ಒಲೆ ಎನ್ನುವುದು ನಿಜವಾದ ಮಾತು. ಆದರೂ ಅವನು ಎದ್ದು ಬಂದ. ಆ ಎದ್ದು ಬಂದದ್ದು ಸರಿ ಎಂದೇ ನಾನು ಇವತ್ತೂ ನಂಬುತ್ತೇನೆ.

ಮುಂದಿನದು ಯಾರೂ ಹೇಳಿ ಮಾಡಿಸಿದ್ದಲ್ಲ. ಬೋಟಿನವರು ಮಾತು ಕಡಿಮೆ ಮಾಡಿದರು. “ದೇವರು ನಿನಗೊಬ್ಬನಿಗಾ ಇರೋದು?” ಎಂದು ಒಬ್ಬ ಕೇಳಿದ. ಕಿರುಸಮುದಾಯದ ಪ್ರಾರ್ಥನೆ ಆ ತಿಂಗಳು ಇವನ ಮನೆಯಲ್ಲಿ ಆಗಬೇಕಿತ್ತು, ಇನ್ನೊಂದು ಮನೆಗೆ ಹೋಯಿತು. ಕಾರಣ ಯಾರೂ ಹೇಳಲಿಲ್ಲ. ಒಂದು ಮದುವೆಯ ಊಟದಲ್ಲಿ ಇವನೂ ಹೆಂಡತಿಯೂ ಕೂತ ಮೇಜಿಗೆ ಯಾರೂ ಬಂದು ಕೂರಲಿಲ್ಲ. ಹೆಂಡತಿ ಬುಟ್ಟಿಯಲ್ಲಿ ಮೀನು ಮಾರುವವಳು. ಬಂದರಿನಲ್ಲಿ ಬೆಳಿಗ್ಗೆ ಮೀನು ಎತ್ತಿ ಸಂಜೆ ದುಡ್ಡು ಕೊಡುವ ರೂಢಿ. ಅವಳಿಗೆ ಮಾತ್ರ ದುಡ್ಡು ಮೊದಲು ಇಡು ಎಂದರು. ಅವಳ ಸಿಟ್ಟು ಗಂಡನ ಮೇಲೆ ತಿರುಗಿತು. “ಇವರು ಬಿಟ್ಟದ್ದು ಒಂದು ಬೋಟು ಅಕ್ಕೋರೇ. ನನ್ನನ್ನು ಊರೇ ಬಿಟ್ಟಿತು” ಎಂದು ನನ್ನ ಅಡುಗೆಮನೆಯಲ್ಲಿ ನಿಂತು ಅತ್ತಳು. ಪ್ರಕರಣವನ್ನು ಗಂಡಸಿನ ಧೈರ್ಯದ ಕಥೆಯಾಗಿ ಹೇಳುವವರು ಅವಳ ಈ ಮಾತನ್ನು ದಾಟಿ ಹೋಗಬಾರದು. ಅವಳನ್ನು ಕೇಳದೆ ಅವನು ತೀರ್ಮಾನ ಮಾಡಿದ್ದ, ಬೆಲೆಯ ದೊಡ್ಡ ಭಾಗ ಕಟ್ಟಿದವಳು ಅವಳು.

ನನ್ನ ಪಾಲು

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತು. ಧರ್ಮಕೇಂದ್ರದಲ್ಲಿ ಮೂರು ದಿನದ ಧ್ಯಾನಕೂಟ. ಹೊರಗಿನಿಂದ ಬಂದ ಪ್ರಬೋಧಕರು, ನಿಮ್ಮಲ್ಲೇ ಯಾರಾದರೂ ಸಾಕ್ಷಿ ಹೇಳುವವರಿದ್ದಾರೆಯೇ ಎಂದು ಕೇಳಿದರು. ಇವನ ಹೆಸರು ಕೊಟ್ಟವಳು ನಾನು. ಊರು ದೂರ ತಳ್ಳಿದವನನ್ನು ದೇವಾಲಯದೊಳಗೆ ಎದ್ದು ನಿಲ್ಲಿಸಿದರೆ ಊರಿಗೂ ಬುದ್ಧಿ ಬರುತ್ತದೆ, ಇವನಿಗೂ ಧೈರ್ಯ ಬರುತ್ತದೆ ಎಂದುಕೊಂಡೆ. ಆ ಯೋಚನೆಯಲ್ಲಿ ಪ್ರೀತಿಯಿತ್ತು. ನನ್ನ ಶಿಷ್ಯ ಎಂಬ ಹೆಮ್ಮೆಯೂ ಇತ್ತು.

ಅವನು ಚೆನ್ನಾಗಿ ಮಾತಾಡಿದ. ಮೂರು ರಾತ್ರಿ ಹೋದದ್ದು, ಮಾವನ ನಗು, ಯಜಮಾನರ ಮನೆಯ ಮೆಟ್ಟಿಲು, ಎಲ್ಲವನ್ನೂ ಹೇಳಿದ. ಹಿಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ ಮೊಬೈಲ್‌ನಲ್ಲಿ ತೆಗೆದರು. ಮೊದಲಿನ ಭಾಗ ಬಿಟ್ಟು, “ಮೀನಿಗಿಂತ ದೇವರು ದೊಡ್ಡವರು ಅಂತ ಎದ್ದು ಬಂದೆ” ಎನ್ನುವಲ್ಲಿಂದ ಮುಂದಿನ ಎರಡು ನಿಮಿಷ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಹೋಯಿತು. ಗೋವಾ, ಮಂಗಳೂರು, ಗಲ್ಫ್‌ನಿಂದ ಮೆಸೇಜು ಬಂದವು. ಇನ್ನೊಂದು ಧರ್ಮಕೇಂದ್ರದಿಂದ ಕರೆ ಬಂತು, ಆಮೇಲೆ ಮತ್ತೊಂದರಿಂದ.

ಎರಡನೆಯ ಕಡೆಗೂ ಮೂರನೆಯ ಕಡೆಗೂ ನಾನೂ ಜೊತೆಯಲ್ಲಿ ಹೋಗಿದ್ದೆ. ಎರಡನೆಯ ಕಡೆ ಮೂರು ರಾತ್ರಿ ‘ಒಂದೆರಡು ಸಲ’ ಆಯಿತು. ಮೂರನೆಯ ಕಡೆ ಅದೂ ಇಲ್ಲ. ಜನರೇಟರ್ ಬೋಟಿಗೆ ಬಂದ ದಿನವೇ ಇಳಿದು ಬಂದವನಂತೆ ಹೇಳಿದ. ಯಜಮಾನರ ಹೆಸರು ಎತ್ತಲಿಲ್ಲ, ಆದರೆ ಪಾಲನಾ ಸಮಿತಿಯಲ್ಲಿರುವ ದೊಡ್ಡ ಮನುಷ್ಯರು ಎಂದ. ನಮ್ಮ ಕಡೆಯವರಿಗೆ ಅಷ್ಟು ಸಾಕು. ನನಗೆ ಕೇಳಿಸಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಪಕ್ಕದಲ್ಲೇ ಕೂತಿದ್ದ. ಕೇಳಬಹುದಿತ್ತು. ಕೇಳಲಿಲ್ಲ. “ಇವನಿಗೆ ಕನ್ನಡ ಕಲಿಸಿದವರು ಇವರೇ” ಎಂದು ಅಲ್ಲಿಯ ಗುರುಗಳು ಎಲ್ಲರೆದುರು ನನ್ನನ್ನು ಎಬ್ಬಿಸಿ ತೋರಿಸಿದ್ದರು. ಅದರ ಸಿಹಿ ಇನ್ನೂ ನಾಲಗೆಯ ಮೇಲಿತ್ತು.

ಮೊದಲು ಕೇಳಿದವಳು ಹೆಂಡತಿ. ವಿಡಿಯೋ ನೋಡಿ, ಆ ಮೂರು ರಾತ್ರಿ ಎಲ್ಲಿ ಹೋಯ್ತು ಎಂದಳಂತೆ. ಜನರಿಗೆ ಅದೆಲ್ಲ ಯಾಕೆ ಎಂದು ಇವನು ಅಂದ. ಏಪ್ರಿಲ್ ಕೊನೆಗೆ ಬಂದರಿನ ಗುಂಪಿನಲ್ಲಿ ಅದೇ ಬೋಟಿನ ಕಲಾಸಿಯೊಬ್ಬನ ಧ್ವನಿ ಸಂದೇಶ ಬಂತು: “ಸಾಕ್ಷಿ ಹೇಳುವಾಗ ಲೈಟಿನ ಪಾಲು ತಗೊಂಡದ್ದನ್ನೂ ಹೇಳು ಮಾರಾಯಾ. ನಮ್ಮನ್ನು ಕಳ್ಳರು ಮಾಡಿ ನೀನು ಸಂತ ಆಗಬೇಡ.” ಹನ್ನೆರಡು ಸೆಕೆಂಡಿನ ಮಾತು. ಸಂಜೆಯೊಳಗೆ ಊರೆಲ್ಲ ಕೇಳಿತು. ಇವನು ಮರುದಿನದಿಂದ ದೇವಾಲಯಕ್ಕೆ ಬರುವುದನ್ನು ಬಿಟ್ಟ.

ಜಗಲಿಯ ಮಾತು

ಮೂರು ವಾರದ ನಂತರ ಒಂದು ಮಧ್ಯಾಹ್ನ ಬಂದ. ಕುರ್ಚಿ ಕೊಟ್ಟರೆ ಕೂರಲಿಲ್ಲ, ಮೆಟ್ಟಿಲ ಮೇಲೆ ಕೂತ. “ಅಕ್ಕೋರೇ, ನಾನು ಸುಳ್ಳು ಹೇಳಲಿಲ್ಲ. ಬಿಟ್ಟೆ, ಅಷ್ಟೆ” ಎಂದ.

ಆ ದಿನ ನಾನು ಉಪದೇಶ ಮಾಡಲಿಲ್ಲ. ಮೊದಲು ನನ್ನ ತಪ್ಪು ಹೇಳಿಕೊಂಡೆ, ಬಸ್ಸಿನಲ್ಲಿ ಸುಮ್ಮನೆ ಕೂತದ್ದನ್ನೂ ಹೇಳಿದೆ. ಅವನು ತಲೆಯೆತ್ತಿ ನೋಡಿದ. “ನಿಮಗೆ ಗೊತ್ತಾಗಿತ್ತಾ?” ಎಂದ. ಗೊತ್ತಾಗಿತ್ತು ಎಂದೆ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬೇರೆಯವರಿಗೆ ದಾರಿ ತೋರಿಸುವ ಸೇವೆಯಲ್ಲಿರುವವರಿಗೆ ನಾನು ಹೇಳಬಹುದಾದದ್ದು ಇದೇ: ನಮ್ಮ ಹತ್ತಿರ ಬಂದವರ ತಪ್ಪಿನಲ್ಲಿ ನಮ್ಮ ಕೈ ಇದ್ದರೆ ಅದನ್ನು ಮೊದಲ ಮಾತಿನಲ್ಲೇ ಒಪ್ಪಿಕೊಳ್ಳಬೇಕು. ಇಲ್ಲವಾದರೆ ಮುಂದೆ ಆಡುವ ಮಾತೆಲ್ಲ ಪೊಳ್ಳಾಗುತ್ತದೆ.

ಮುಂದಿನ ಎರಡು ಭೇಟಿಗಳಲ್ಲಿ ನಾವು ಓದಿದ್ದು ಮುಖ್ಯವಾಗಿ ಅಂತಿಯೋಕ್ಯದ ಪೇತ್ರರ ಪ್ರಸಂಗ, ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ. ಪೇತ್ರರು ಹೇಡಿಯಲ್ಲ. ಜೆರುಸಲೇಮಿನಲ್ಲಿ ನ್ಯಾಯಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಹೇಳಿ ಏಟು ತಿಂದವರು ಅವರು. ಯೆಹೂದ್ಯರಲ್ಲದ ಕೊರ್ನೇಲಿಯನ ಮನೆಗೆ ಹೊಕ್ಕವರು. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದವರು. ಯಕೋಬರ ಕಡೆಯಿಂದ ಕೆಲವರು ಬಂದೊಡನೆ ಮಾತ್ರ ಹಿಂದೆ ಸರಿದು ಬೇರೆ ಕೂತರು. ಬಾರ್ನಬರೂ ಅದೇ ದಾರಿ ಹಿಡಿದರು. ಬಂದವರು ವೈರಿಗಳಲ್ಲ, ಕತ್ತಿ ಹಿಡಿದವರಲ್ಲ. ಹಳೆಯ ಪರಿಚಯದ, ಗೌರವದ ಜನ. ಚಾವಟಿಗೆ ಅಂಜದವರು ನಮ್ಮವರ ಮುಖದ ಒಂದು ಗೆರೆಗೆ ಅಂಜಿದರು.

ಇದನ್ನು ಓದಿದಾಗ ಅವನು ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. “ನಾನು ಯಜಮಾನರಿಗೆ ಅಂಜಲಿಲ್ಲವಲ್ಲ ಅಕ್ಕೋರೇ. ಬೋಟಿನವರಿಗೂ ಅಂಜಲಿಲ್ಲ. ಮತ್ತೆ ಯಾರಿಗೆ ಅಂಜಿ ಆ ಮೂರು ರಾತ್ರಿ ಬಿಟ್ಟೆ?” ನಾನು ಉತ್ತರ ಕೊಡುವ ಮೊದಲೇ ತಾನೇ ಹೇಳಿದ: “ಅಳ್ತಾ ಕೂತಿದ್ದರಲ್ಲ, ಅವರಿಗೆ.”

ಈ ಪ್ರಕರಣದಲ್ಲಿ ನಾನು ಕಂಡದ್ದು ಇದನ್ನೇ. ಒಂದು ಗುಂಪಿನ ಮೆಚ್ಚುಗೆಯನ್ನು ಕಳೆದುಕೊಂಡವನಿಗೆ ಹಸಿವಾಗುತ್ತದೆ. ಆ ಹಸಿವಿನಲ್ಲಿ ಇನ್ನೊಂದು ಗುಂಪು ತಟ್ಟೆ ಹಿಡಿದು ಬಂದರೆ, ಅದು ದೇವರ ಹೆಸರಿನಲ್ಲಿ ಬಂದದ್ದರಿಂದ, ತಿನ್ನುವಾಗ ಅನುಮಾನವೂ ಬರುವುದಿಲ್ಲ. ಬಂದರಿನಲ್ಲಿ ಅವನು ಕಳೆದುಕೊಂಡದ್ದನ್ನು ನಾವು ಬಲಿಪೀಠದ ಪಕ್ಕದ ಮೈಕಿನಲ್ಲಿ ತುಂಬಿಕೊಟ್ಟೆವು. ಎದ್ದು ಬಂದ ದಿನ ಅವನಿಗೆ ನೋಡುವವರು ಯಾರೂ ಇರಲಿಲ್ಲ, ಹಾಗಾಗಿ ಆ ದಿನ ಅವನು ನೇರ ಇದ್ದ. ನೋಡುವವರು ಬಂದ ಮೇಲೆ ಕಥೆ ಅವರ ಮುಖ ನೋಡಿಕೊಂಡು ಬದಲಾಯಿತು.

ಸೌಲ ಅರಸನ ಮಾತನ್ನೂ ಓದಿದೆವು, ಸಮುವೇಲನ ಮೊದಲ ಗ್ರಂಥ, 15ನೆಯ ಅಧ್ಯಾಯ. ಜನರಿಗೆ ಅಂಜಿ ಅವರ ಮಾತು ಕೇಳಿದೆ ಎಂದು ಸೌಲ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಬೆನ್ನಿಗೇ, ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಸಮುವೇಲನನ್ನು ಬೇಡುತ್ತಾನೆ. ಪಶ್ಚಾತ್ತಾಪವನ್ನೂ ಸಭೆಯ ಮುಂದೆ ಚೆನ್ನಾಗಿ ಕಾಣುವಂತೆ ಮಾಡಬೇಕೆಂಬ ಆಸೆ! ಈ ಭಾಗ ಇವನನ್ನು ತಟ್ಟಿತು. ಏಕೆಂದರೆ ಇವನು ಬರುವಾಗ ಒಂದು ಯೋಜನೆ ಹಾಕಿಕೊಂಡೇ ಬಂದಿದ್ದ: ಇನ್ನೊಂದು ವಿಡಿಯೋ ಮಾಡಿ ಎಲ್ಲವನ್ನೂ ಒಪ್ಪಿಕೊಳ್ಳುವುದು.

ಅದರ ಬಗ್ಗೆ ಬಹಳ ಚರ್ಚೆಯಾಯಿತು. ಮುಚ್ಚಿಟ್ಟದ್ದು ಬಹಿರಂಗವಾಗಿ, ತಿದ್ದುವುದೂ ಬಹಿರಂಗವಾಗಿ ಆಗಬೇಕಲ್ಲವೇ ಎಂದ. ನ್ಯಾಯದ ಮಾತು. ಆದರೆ ಆ ವಿಡಿಯೋ ಹೋದರೆ ಮೊದಲಿಗಿಂತ ಹೆಚ್ಚು ಮೆಸೇಜು ಬರುತ್ತವೆ, ಎಂಥ ವಿನಯ ಎನ್ನುತ್ತಾರೆ, ನೀನು ಮತ್ತೆ ಅಲ್ಲಿಗೇ ಬರುತ್ತೀ ಎಂದೆ ನಾನು. ಕೊನೆಗೆ, ಯಾರಿಗೆ ತಪ್ಪಾಗಿ ಹೇಳಿದ್ದನೋ ಅವರಿಗೆ, ಯಾರ ಬಗ್ಗೆ ಹೇಳಿದ್ದನೋ ಅವರಿಗೆ, ಎದುರಿಗೆ ಹೋಗಿ ಹೇಳುವುದೆಂದು ಆಯಿತು. ಎರಡು ಧರ್ಮಕೇಂದ್ರಗಳ ಗುರುಗಳಿಗೆ ಕೈಬರಹದ ಪತ್ರ. ಅದನ್ನು ಭಾನುವಾರ ಓದಿ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ನಮ್ಮ ಧರ್ಮಕೇಂದ್ರದಲ್ಲಿ ಅವನ ಬದಲು ನಾನು ನನ್ನ ತಪ್ಪು ಹೇಳಿದೆ. ನನ್ನ ಕಾಲು ನಡುಗಿತು. ಕೆಲವರು ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಪೌಲರ ಎರಡು ಮಾತುಗಳ ನಡುವೆ ಅವನು ಸಿಕ್ಕಿಕೊಂಡದ್ದನ್ನೂ ಹೇಳಬೇಕು. ಗಲಾತ್ಯ 1:10ರಲ್ಲಿ, ನಾನು ಇನ್ನೂ ಮನುಷ್ಯರನ್ನು ಮೆಚ್ಚಿಸುವವನಾಗಿದ್ದರೆ ಕ್ರಿಸ್ತರ ದಾಸನಲ್ಲ ಎನ್ನುತ್ತಾರೆ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 10:33ರಲ್ಲಿ, ಎಲ್ಲದರಲ್ಲೂ ಎಲ್ಲರನ್ನೂ ಮೆಚ್ಚಿಸಲು ಯತ್ನಿಸುತ್ತೇನೆ ಎನ್ನುತ್ತಾರೆ. ಯಾವುದು ನಿಜ ಎಂದು ಕೇಳಿದ. ಎರಡನೆಯ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ನನ್ನ ಲಾಭಕ್ಕಾಗಿ ಅಲ್ಲ, ಬಹಳ ಜನರ ರಕ್ಷಣೆಗಾಗಿ ಎಂದು ಮುಂದುವರಿಯುತ್ತದೆ ಎಂದು ತೋರಿಸಿದೆ. ಹೆಂಡತಿಯ ಮನಸ್ಸು ಕೇಳುವುದು, ಯಜಮಾನರ ಮನೆಗೆ ಮೆತ್ತಗೆ ಮಾತಾಡುತ್ತ ಹೋಗುವುದು, ಕಲಾಸಿಯ ಮುಂದೆ ತಲೆ ತಗ್ಗಿಸುವುದು, ಇವೂ ಮನುಷ್ಯರನ್ನು ಮೆಚ್ಚಿಸುವುದೇ. ಅದು ಅವರ ಒಳ್ಳೆಯದಕ್ಕೆ. ಯಾರಿಗೂ ಸೊಪ್ಪು ಹಾಕದವನೇ ದೇವರ ಮನುಷ್ಯ ಎಂಬ ತಪ್ಪು ಕಲ್ಪನೆ ನಮ್ಮ ಧ್ಯಾನಕೂಟಗಳಲ್ಲಿ ಬಹಳ ಬೆಳೆದಿದೆ. ಅದರಿಂದ ಎಷ್ಟೋ ಮನೆಗಳು ಒಡೆದದ್ದನ್ನು ಕಂಡಿದ್ದೇನೆ.

ಇನ್ನೊಂದು ಪುಟ್ಟ ವಿಷಯ. ಅವನ ಮನೆಯಲ್ಲಿ ಸಂತ ಜೋಸೆಫ್ ವಾಜರ ಪಟವಿದೆ. ಗೋವೆಯ ಈ ಗುರುಗಳು 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ ಸೇವೆ ಮಾಡಿದವರು. ಗೋವೆಯ ಪೋರ್ಚುಗೀಸ್ ಅಧಿಕಾರದ ಕಡೆಯವರು, ರೋಮಿನಿಂದ ನೇಮಕವಾದವರ ಕಡೆಯವರು ಎಂದು ಇಲ್ಲಿಯ ಕ್ರೈಸ್ತರು ಒಡೆದುಹೋಗಿದ್ದ ಕಾಲ ಅದು. ಆಮೇಲೆ 1687ರಲ್ಲಿ ಡಚ್ಚರ ಕೈಯಲ್ಲಿದ್ದ ಶ್ರೀಲಂಕಾಕ್ಕೆ ಭಿಕ್ಷುಕನ ವೇಷದಲ್ಲಿ ಹೋಗಿ, ಗುರುವೆಂದು ಯಾರಿಗೂ ತಿಳಿಯದಂತೆ ಓಡಾಡಿ, ರಾತ್ರಿ ಹೊತ್ತು ಬಲಿಪೂಜೆ ಅರ್ಪಿಸಿದರು. ಸಂತರೆಂದು ಘೋಷಣೆಯಾದದ್ದು 2015ರಲ್ಲಿ, ಅವರು ತೀರಿಕೊಂಡು ಮುನ್ನೂರು ವರ್ಷ ದಾಟಿದ ಮೇಲೆ. ಪಟದ ಮುಂದೆ ದಿನಾ ದೀಪ ಹಚ್ಚುತ್ತೀಯಲ್ಲ, ಮಳೆಗಾಲ ಮುಗಿಯುವವರೆಗೆ ನೀನು ಮಾಡುವ ಒಳ್ಳೆಯದನ್ನು ನನಗೂ ಹೇಳಬೇಡ ಎಂದೆ. ಬಲಗೈ ಮಾಡಿದ್ದ ದಾನ ಎಡಗೈಗೆ ತಿಳಿಯದಿರಲಿ ಎಂದ ಪ್ರಭುವಿನ ಮಾತನ್ನು ಹಿಡಿದು ಕೊಟ್ಟ ಅಭ್ಯಾಸ ಅದು. ಅವನು ಪಾಲಿಸಿದನೋ ಇಲ್ಲವೋ ನಾನು ಕೇಳಿಲ್ಲ.

ಆಮೇಲೆ

22,500 ರೂಪಾಯಿಯನ್ನು ದೇವಾಲಯದ ಹುಂಡಿಗೆ ಹಾಕುತ್ತೇನೆ ಎಂದಿದ್ದ. ಅದು ಹುಂಡಿಯಿಂದ ಹೋದದ್ದಲ್ಲವಲ್ಲ ಎಂದೆ. ಮಾವನೂ ಜೊತೆಯ ನಾಡದೋಣಿಯವರೂ ಎಂಜಿನ್ ರಿಪೇರಿಗೆಂದು ಕೂಡಿಡುವ ಒಂದು ಡಬ್ಬಿ ಇದೆ. ನಾಲ್ಕು ಕಂತಿನಲ್ಲಿ ಅದಕ್ಕೆ ಕಟ್ಟಿದ. ಹೆಂಡತಿಯನ್ನು ಈ ಸಲ ಕೇಳಿಯೇ ಮಾಡಿದ. ಮೊದಲ ಕಂತಿಗೆ ತನ್ನ ಕಿವಿಯ ಓಲೆ ಅಡವಿಟ್ಟು ದುಡ್ಡು ಕೊಟ್ಟವಳು ಅವಳೇ. ಮಾವ ಎಣಿಸಿ ಡಬ್ಬಿಗೆ ಹಾಕಿದರು, ಏನೂ ಹೇಳಲಿಲ್ಲ. ಮರುದಿನ ನಸುಕಿನಲ್ಲಿ ಬಾಗಿಲು ತಟ್ಟಿ, ದೋಣಿಗೆ ಒಬ್ಬ ಕಡಿಮೆ ಇದ್ದಾನೆ, ಬಾ ಎಂದರು.

ಯಜಮಾನರ ಮನೆಗೆ ಹೋದ ದಿನ ನಾನು ಜೊತೆಯಲ್ಲಿರಲಿಲ್ಲ. ಅವನು ಹೇಳಿದಂತೆ ಬರೆಯುತ್ತೇನೆ. ಊರೂರಿನಲ್ಲಿ ನಿಮ್ಮ ಬಗ್ಗೆ ಹೆಸರು ಹೇಳದೆ ಹೇಳಿದೆ, ತಪ್ಪಾಯಿತು ಎಂದ. ಅವರು ಚಹಾ ತರಿಸಿದರು. ಬಹಳ ಹೊತ್ತಿನ ಮೇಲೆ, “ದೇವಾಲಯದ ಪೋರ್ಟಿಕೋಗೆ ದುಡ್ಡು ಕೊಟ್ಟಾಗ ನನ್ನನ್ನೂ ಎಲ್ಲರೂ ಹೊಗಳಿದರು ಪುತಾ. ಎಲ್ಲಿಂದ ಬಂತು ಅಂತ ಫಾದರ್ ಆಗಲಿ ಅಕ್ಕೋರಾಗಲಿ ಕೇಳಲಿಲ್ಲ” ಎಂದರು. ಸಾಲದ ಮಾತು ಇಬ್ಬರೂ ಎತ್ತಲಿಲ್ಲ. ಲೈಟ್ ನಿಲ್ಲಿಸುತ್ತೇನೆ ಎಂದು ಅವರು ಹೇಳಲಿಲ್ಲ, ನಿಲ್ಲಿಸಲೂ ಇಲ್ಲ.

ಅವರ ಆ ಮಾತು ನನಗೆ ಚುಚ್ಚಿತು. ಪೋರ್ಟಿಕೋದ ಉದ್ಘಾಟನೆಯ ದಿನ ಅವರಿಗೆ ಶಾಲು ಹೊದಿಸಿದ ಸಾಲಿನಲ್ಲಿ ನಾನೂ ಇದ್ದೆ. ಲೈಟಿನ ವಿಷಯ ಇಡೀ ಬಂದರಿಗೆ ಗೊತ್ತಿತ್ತು. ನಾವು, ಧರ್ಮಕೇಂದ್ರದವರು, ಒಂದು ಸಲವಾದರೂ ಬಾಯಿ ಬಿಟ್ಟು ಮಾತಾಡಿದ್ದರೆ ಒಬ್ಬ ತಾಂಡೇಲ ಒಂಟಿಯಾಗಿ ಆ ಮೆಟ್ಟಿಲು ಹತ್ತಬೇಕಾಗುತ್ತಿರಲಿಲ್ಲ. ಅಧಿಕಾರಿಗಳಲ್ಲಿ ಅನೇಕರು ಯೇಸುವನ್ನು ನಂಬಿದ್ದರೂ ಪ್ರಾರ್ಥನಾಮಂದಿರದಿಂದ ಹೊರಗೆ ಹಾಕಿಯಾರೆಂದು ಬಾಯಿ ಬಿಡಲಿಲ್ಲ ಎಂದು ಯೊವಾನ್ನರ ಶುಭಸಂದೇಶ 12ನೆಯ ಅಧ್ಯಾಯದಲ್ಲಿ ಹೇಳುತ್ತದೆ. ಅವರನ್ನು ಓದುವಾಗ ಈಗ ನನಗೆ ಸಿಟ್ಟು ಬರುವುದಿಲ್ಲ. ಗುರುತು ಸಿಗುತ್ತದೆ.

ಪಾಲನಾ ಸಮಿತಿಯಲ್ಲಿ ವಿಷಯ ಎತ್ತಿದೆ. ಇದು ಧರ್ಮದ ವಿಷಯವಲ್ಲ, ವ್ಯವಹಾರದ ವಿಷಯ ಎಂದರು. ಮತ್ತೆ ಎತ್ತುತ್ತೇನೆ.

ಇವನ ಈಗಿನ ಸಂಪಾದನೆ ಮೊದಲಿನ ಅರ್ಧಕ್ಕಿಂತ ಕಡಿಮೆ. ಮೊಂತಿ ಹಬ್ಬದ (ಮಾತೆ ಮರಿಯಳ ಜನ್ಮದಿನದ) ನವದಿನಗಳಲ್ಲಿ ಮಕ್ಕಳ ಕೈಯಲ್ಲಿ ಹೂ ಕೊಟ್ಟು ತಾನು ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಒಂಬತ್ತನೆಯ ದಿನ ಆ ಕಲಾಸಿ ಅವನ ಪಕ್ಕಕ್ಕೆ ಬಂದು ನಿಂತ. ಇಬ್ಬರೂ ಮಾತಾಡಿದ್ದು ನನಗೆ ಕಾಣಲಿಲ್ಲ. ಹೆಂಡತಿಗೆ ಬಂದರಿನಲ್ಲಿ ಒಬ್ಬರು ಇಬ್ಬರು ಮತ್ತೆ ಸಂಜೆಯವರೆಗೆ ಮೀನು ಕೊಡುತ್ತಾರೆ. ಕೆಲವು ದಿನ ಅವಳಿಗೆ ಈಗಲೂ ಗಂಡನ ಮೇಲೆ ಸಿಟ್ಟು ಬರುತ್ತದೆ, ಬಂದಾಗ ನನ್ನ ಅಡುಗೆಮನೆಗೆ ಬರುತ್ತಾಳೆ.

ಈ ಬರಹ ಮುಗಿಸಿ ಇಬ್ಬರನ್ನೂ ಕೂರಿಸಿ ಓದಿ ಹೇಳಿದೆ. ಹೆಂಡತಿ ಒಂದು ಕಡೆ ತಿದ್ದಿದಳು, ಅದನ್ನು ತಿದ್ದಿದ್ದೇನೆ. ಅವನು ಕೊನೆಯವರೆಗೂ ನೆಲ ನೋಡುತ್ತ ಕೇಳಿದ. ಎದ್ದು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದವನು ವಾಪಸ್ ಬಂದ.

“ಮೂರಲ್ಲ ಅಕ್ಕೋರೇ, ನಾಲ್ಕು. ದೀಪ ನೋಡಲಿಕ್ಕೆ ಅಂತ ಒಂದು ರಾತ್ರಿ ಮೊದಲೇ ಹೋಗಿದ್ದೆವು. ಬಲೆ ಹರಿದು ಹೆಚ್ಚು ಮೀನು ಬರಲಿಲ್ಲ. ಪಾಲು ಎಂಟು ನೂರು ಸಿಕ್ಕಿತ್ತು. ಟ್ರಯಲ್ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ.”

ಹೆಂಡತಿ ಅವನನ್ನೇ ನೋಡುತ್ತ ನಿಂತಿದ್ದಳು. ಅವಳಿಗೂ ಅದು ಗೊತ್ತಿರಲಿಲ್ಲ. ಮೇಲೆ ನಾನು ಮೂರು ಎಂದು ಬರೆದಲ್ಲೆಲ್ಲ ನಾಲ್ಕು ಎಂದು ಓದಿಕೊಳ್ಳಬೇಕು.